ಗುಲಾಬಿ ಗಾಜಿನ ಎಂಟು ದಾರಿಗಳು

ನವೆಂಬರ್ 18, 2024, ಸೋಮವಾರ

ಕಾಲು ಮುರಿದುಕೊಂಡವಳು ನಾನು, ಅತ್ತವನು ನನ್ನ ಮಗ.

ಪಾಲಿಶ್ ಫ್ಯಾಕ್ಟರಿಯ ಅಂಗಳದಲ್ಲಿ ಕಲ್ಲಿನ ಕೆಸರಿನ ಮೇಲೆ ಜಾರಿ ಬಿದ್ದಾಗ ನಾನು ಕೂಗಲಿಲ್ಲ. "ಮಷಿನ್ ಬಂದ್ ಮಾಡಬ್ಯಾಡ್ರಿ, ಲಾರಿ ಹೊರಗ ನಿಂತದ" ಎಂದಷ್ಟೇ ಹೇಳಿದೆ. ರತ್ನದೀಪ ಮಾತ್ರ ವಾಡಿ ಸ್ಟೇಷನ್ನಿನಿಂದ ಓಡಿಬಂದು, ರೈಲ್ವೆ ಸಿಗ್ನಲ್ ಇಲಾಖೆಯ ಆ ಯೂನಿಫಾರ್ಮಿನಲ್ಲೇ, ಆಳುಗಳ ಎದುರಿಗೆ ಕಣ್ಣೊರೆಸಿಕೊಂಡ. ನನಗೆ ಮುರಿದ ಕಾಲಿಗಿಂತ ಅದು ಹೆಚ್ಚು ನೋವಾಯಿತು. ಕಲಬುರಗಿಯಲ್ಲಿ ಪ್ಲಾಸ್ಟರ್ ಹಾಕಿದರು. ವರ್ಷ ಮುಗಿಯುವವರೆಗೆ ಎಡಗಾಲು ನೆಲಕ್ಕೆ ತಾಗಬಾರದಂತೆ.

ಈ ಡೈರಿ ಸಿಮೆಂಟ್ ಅಂಗಡಿಯವನು ಜನವರಿಯಲ್ಲಿ ಕೊಟ್ಟದ್ದು. ಹೈಸ್ಕೂಲು ಬಿಟ್ಟ ಮೇಲೆ ನಾನು ಬಿಲ್ಲು ಬಿಟ್ಟು ಬೇರೇನೂ ಬರೆದಿಲ್ಲ. ಈಗ ಕೂತಲ್ಲೇ ಕೂರಬೇಕಾದ್ದರಿಂದ ಬರೆಯುತ್ತಿದ್ದೇನೆ. ಯಾರೂ ಓದುವುದಕ್ಕಲ್ಲ.

ಮಗ ನನ್ನನ್ನು ಕೇಳದೆಯೇ ಹೈದರಾಬಾದಿಗೆ ಫೋನು ಮಾಡಿ ಹೆಂಡತಿಯನ್ನು ಕರೆಸಿಕೊಳ್ಳುತ್ತಿದ್ದಾನೆ. ಮದುವೆಯಾಗಿ ಎರಡು ವರ್ಷವಾದರೂ ಆಕೆ ಅಲ್ಲಿ ಯಾವುದೋ ಸಂಶೋಧನಾ ಕೇಂದ್ರದಲ್ಲಿ ಗಾಜಿನ ಬಗ್ಗೆ ಓದುತ್ತಲೇ ಇದ್ದಾಳೆ. ಬರಲಿ, ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ನನ್ನ ಗಂಡ ಜಗದೇವಪ್ಪ ಖಣಿಯಲ್ಲಿ ಕೂಲಿಗೆ ಕಲ್ಲು ಎಬ್ಬಿಸಿದವರು. ಒಂದು ಮಷಿನ್ ಬಾಡಿಗೆಗೆ ಹಿಡಿದು, ಆಮೇಲೆ ಕೊಂಡು, ಈ ಫ್ಯಾಕ್ಟರಿ ಕಟ್ಟಿದರು. ಅವರು ಹೋದ ಮೇಲೆ ನಡೆಸಿದವಳು ನಾನು. ನನ್ನ ನಂತರ ಯಾರು? ರತ್ನದೀಪನಿಗೆ ಕೆಂಪು ದೀಪ ಹಸಿರು ದೀಪ ಬಿಟ್ಟರೆ ಕಲ್ಲು ತಿಳಿಯುವುದಿಲ್ಲ. ಅವನ ಹೆಂಡತಿಗೆ ತಲೆ ಇದೆ. ಪ್ಲಾಸ್ಟರ್ ಬಿಚ್ಚುವುದರೊಳಗೆ ಆಕೆಯಿಂದ ಮಾತು ತೆಗೆದುಕೊಳ್ಳಬೇಕು: ಓದು ಸಾಕು, ಇನ್ನು ಫ್ಯಾಕ್ಟರಿ ನೋಡಿಕೊಳ್ಳುತ್ತೇನೆ ಎಂದು. ಶಹಾಬಾದದಲ್ಲಿ ನಾನು ಕೇಳಿದ್ದಕ್ಕೆ ಇಲ್ಲ ಎಂದವರು ಕಡಿಮೆ.


ನವೆಂಬರ್ 21, ಗುರುವಾರ

ಬಂದಳು. ಗಾಡಿ ಸೇಡಂ ದಾಟಿ ಚಿತ್ತಾಪುರದಲ್ಲಿ ಬಹಳ ಹೊತ್ತು ನಿಂತಿತಂತೆ. ಅಷ್ಟು ದೂರವೂ ಒಂದು ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಾಳೆ. ಮನೆಗೆ ಬಂದು ನನ್ನ ಕಾಲು ಮುಟ್ಟುವಾಗಲೂ ಅದು ಕಂಕುಳಲ್ಲೇ ಇತ್ತು.

ಪಕ್ಕದ ಮನೆಯ ಇಮಾಮ್‌ಬೀ ದಿನಾ ಮಧ್ಯಾಹ್ನ ನನ್ನ ಬಳಿ ಬಂದು ಕೂರುತ್ತಾಳೆ. ನಾನು ಕರೆಯುವುದಿಲ್ಲ, ಆಕೆಯೇ ಬರುತ್ತಾಳೆ. ಡಬ್ಬಿ ನೋಡಿ ಸುಮ್ಮನಿರುವ ಹೆಂಗಸಲ್ಲ.

"ಏನವ್ವಾ ಲುಂಬಿನಿ, ಬಂಗಾರ ತಂದೀ?"

"ಬಂಗಾರಕ್ಕಿಂತ ತುಟ್ಟಿ ಅದರೀ ಚಾಚಿ."

ತೆಗೆದು ತೋರಿಸಿದಳು. ಹತ್ತಿಯಲ್ಲಿ ಒಂದು ಗಾಜಿನ ತುಂಡು. ಹೆಬ್ಬೆರಳಿನಷ್ಟು ಉದ್ದ, ಬಿಸ್ಕತ್ತಿಗಿಂತ ತೆಳ್ಳಗೆ, ತಿಳಿ ಗುಲಾಬಿ ಬಣ್ಣ. ಶರಬತ್ತಿನಲ್ಲಿ ಅದ್ದಿದ ಕಲ್ಲುಸಕ್ಕರೆಯ ಹಾಗೆ.

"ಇಷ್ಟಕ್ಕ ಐದು ವರ್ಷ ಓದಿದೇನು?" ಎಂದೆ.

"ಇದಕ್ಕಲ್ಲರಿ ಅತ್ತಿ. ಇದರ ಒಳಗಿಂದಕ್ಕ."

"ಒಳಗೇನದ? ನನಗೇನೂ ಕಾಣವಲ್ದು."

"ಕಾಣಬಾರ್ದರಿ. ಬರೇ ಕಣ್ಣಿಗೆ ಕಂಡ್ರ ಅದು ಕೆಟ್ಟದಂತ ಅರ್ಥ."

ಇಮಾಮ್‌ಬೀ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದಳು. "ಖರೇನೇ ಸಾಬವ್ವಕ್ಕ, ಏನೂ ಇಲ್ಲ. ಭಾಳ ಛಲೋ ಕೆಲಸ ಮಾಡ್ಯಾಳ." ಎಂದಳು.

ರತ್ನದೀಪನ ಹೆಂಡತಿ ನಕ್ಕಳು. ನಾನು ನಗಲಿಲ್ಲ. ರಾತ್ರಿಯ ರೊಟ್ಟಿ ಅಂಚಿನಲ್ಲಿ ಸ್ವಲ್ಪ ದಪ್ಪವಾಗಿತ್ತು.


ನವೆಂಬರ್ 24, ಭಾನುವಾರ

ಇವತ್ತು ರೊಟ್ಟಿ ಬಡಿಯುತ್ತಾ ಎಲ್ಲ ಹೇಳಿದಳು. ನಾನು ಕೇಳಿರಲಿಲ್ಲ. ಕೇಳಿದ್ದು ಇಮಾಮ್‌ಬೀ.

ಸಣ್ಣವರಿದ್ದಾಗ ಭೂತಗನ್ನಡಿಯಿಂದ ಬಿಸಿಲು ಹಿಡಿದು ಕಾಗದ ಸುಟ್ಟಿದ್ದೆವಲ್ಲ, ಬಿಸಿಲೆಲ್ಲ ಒಂದು ಬಿಂದುವಿಗೆ ಬಂದರೆ ಅಲ್ಲಿ ಮಾತ್ರ ಸುಡುತ್ತಿತ್ತು. ಇದೂ ಹಾಗೆಯೇ ಅಂತೆ. ಆದರೆ ಆ ಬಿಂದುವನ್ನು ಗಾಜಿನ ಮೇಲೆ ಅಲ್ಲ, ಗಾಜಿನ ಒಳಗೆ ಕೂರಿಸುತ್ತಾರೆ. ಬಿಸಿಲಿನ ಬದಲು ಲೇಸರ್ ಬೆಳಕು. ಅದು ಹರಿಯುವ ಬೆಳಕಲ್ಲ, ಬಡಿಯುವ ಬೆಳಕು. ಒಂದೊಂದು ಬಡಿತವೂ ಎಷ್ಟು ಗಿಡ್ಡ ಎಂದರೆ ಗಾಜಿಗೆ ಬಿಸಿಯಾಗಲು, ಬಿರಿಯಲು ಪುರಸೊತ್ತೇ ಸಿಗುವುದಿಲ್ಲ. ಬಿಂದು ಬಿದ್ದಲ್ಲಿ ಮಾತ್ರ ಗಾಜಿನ ಗುಣ ಒಂದಿಷ್ಟು ಬದಲಾಗುತ್ತದೆ. ಗಾಜನ್ನು ಮೆಲ್ಲಗೆ ಸರಿಸುತ್ತಾ ಹೋದರೆ ಆ ಗುರುತು ಗೆರೆಯಾಗುತ್ತದೆ. ಆಮೇಲೆ ಒಂದು ತುದಿಯಿಂದ ಬೆಳಕು ಬಿಟ್ಟರೆ, ಕಾಲುವೆಯಲ್ಲಿ ನೀರು ಹೋದ ಹಾಗೆ, ಆ ಗೆರೆ ಬಿಟ್ಟು ಆಚೆ ಹೋಗುವುದಿಲ್ಲ.

"ಮ್ಯಾಲಿಂದ ತೂತು ಹೊಡೀದೆ ಒಳಗ ಹ್ಯಾಂಗ ಹೋಗ್ತೀರಿ?" ಎಂದು ನಾನೇ ಕೇಳಿಬಿಟ್ಟೆ. ಕಲ್ಲಿನ ಒಳಗೆ ಹೋಗಬೇಕಾದರೆ ಮೇಲಿನ ಪದರು ಎಬ್ಬಿಸಲೇಬೇಕು. ನನ್ನ ಜೀವಮಾನವೆಲ್ಲ ಅದೇ ನೋಡಿದ್ದೇನೆ.

"ಅದೇ ಇದರ ಚಂದರಿ ಅತ್ತಿ. ಗಾಜು ಬೆಳಕಿಗೆ ಬಾಗಲಾ ತೆರದೇ ಇಟ್ಟಿರ್ತದ. ಕದ ಮುರಿಯೋದು ಬ್ಯಾಡ."

ಇಂಥ ಎಂಟು ದಾರಿ ಇವೆಯಂತೆ ಆ ತುಂಡಿನಲ್ಲಿ, ಮೇಲ್ಮೈಯಿಂದ ಎರಡು ಕೂದಲಿನಷ್ಟು ಕೆಳಗೆ. ಗುಲಾಬಿ ಬಣ್ಣ ಎರ್ಬಿಯಂ ಎಂಬ ಧಾತುವಿನದು. ದೂರದಿಂದ ಇಂಟರ್ನೆಟ್ ಕೇಬಲಿನಲ್ಲಿ ಬಂದ ಬೆಳಕು ದಣಿದಿರುತ್ತದೆ, ಈ ಗಾಜನ್ನು ಹಾದರೆ ಅದಕ್ಕೆ ಮತ್ತೆ ಕಸುವು ಬರುತ್ತದೆ.

"ನಮ್ಮ ಓಣಿ ಚಾದಂಗಡಿ ಇದ್ದಂಗ." ಎಂದಳು ಇಮಾಮ್‌ಬೀ.

"ಹೂಂರಿ ಚಾಚಿ, ಖರೆ ಹಂಗೇ."

ಲೇಸರ್ ಕೆಲಸ ಮುಗಿದಿದೆ. ಆದರೆ ತೀರಾ ತುದಿಯವರೆಗೆ ಗೆರೆ ಎಳೆಯಲು ಲೇಸರಿಗೆ ಆಗುವುದಿಲ್ಲ. ಆದ್ದರಿಂದ ಎರಡೂ ತುದಿಗಳನ್ನು ಕೈಯಿಂದ ಸವೆಸಿ, ದಾರಿಗಳ ಬಾಯಿ ತೆರೆದು, ಕನ್ನಡಿಯಂತೆ ನಯ ಮಾಡಬೇಕು. ಅದನ್ನು ಇಲ್ಲಿ ಕೂತು ಮಾಡುತ್ತಾಳೆ. ಈ ಗಾಜು ಇದೊಂದೇ ಉಳಿದಿರುವುದು. ಲೇಸರಿನ ಪಾಳಿ ಇನ್ನು ಬೇಸಿಗೆಯವರೆಗೆ ಸಿಗುವುದಿಲ್ಲ. ಜನವರಿ ಕೊನೆಗೆ ಥೀಸಿಸ್ ಒಪ್ಪಿಸಬೇಕು. ಇದು ಕೆಟ್ಟರೆ ಇನ್ನೊಂದು ವರ್ಷ.

ಸವೆಸುವ ಕೆಲಸ ನಮಗೆ ಹೊಸದೇ? ಎಂದುಕೊಂಡೆ.


ನವೆಂಬರ್ 29, ಶುಕ್ರವಾರ

ಕಿಟಕಿಯಿಂದ ನೋಡಿದರೆ ನಮ್ಮ ಮೇಸ್ತ್ರಿ ಭಾಗಣ್ಣ ಲಾರಿ ತುಂಬಿಸುತ್ತಿದ್ದಾನೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲುಗಳ ಅಂಚಿನ ಚೂಪು ಹಾಗೇ ಇದೆ. ಕೂತಲ್ಲಿಂದಲೇ ಕೂಗಿದೆ. ಕಾಲು ಮುರಿದಿದೆ, ಗಂಟಲಲ್ಲ.

"ಭಾಗಣ್ಣಾ! ಯಾರ ಫ್ಯಾಕ್ಟರಿ ಅಂತ ತಿಳದೀ?"

"ಅವ್ವೋರೆ, ಲಾರಿಯಾಂವ ಅವಸರ ಮಾಡ್ಲಿಕತ್ತಾನ್ರಿ..."

"ಅವಸರ ಇದ್ರ ಖಾಲಿ ಲಾರಿ ತಗೊಂಡ್ ಹೋಗ್ಲಿ."

ಇಳಿಸಿ, ಪ್ರತಿಯೊಂದರ ಅಂಚನ್ನೂ ಕೈಕಲ್ಲಿನಿಂದ ತಿಕ್ಕಿ ಚೂಪು ಮುರಿದು, ಮತ್ತೆ ತುಂಬಿಸಿದ. ಹಿಂದೆ ಒಬ್ಬ ಹಮಾಲಿಯ ಅಂಗೈ ನಮ್ಮ ಫರ್ಸಿಯಿಂದ ಎಲುಬು ಕಾಣುವಂತೆ ಕೊಯ್ದಿತ್ತು. ಅವತ್ತು ನಮ್ಮವರು ಹಾಕಿದ ನಿಯಮ: ಚೂಪು ಮುರಿಯದೆ ಒಂದು ಕಲ್ಲೂ ಗೇಟು ದಾಟಬಾರದು. ಶಹಾಬಾದದಲ್ಲಿ ಎಲ್ಲರೂ ಇದನ್ನು ಮಾಡುವುದಿಲ್ಲ. ನಾವು ಮಾಡುತ್ತೇವೆ.


ಡಿಸೆಂಬರ್ 3, ಮಂಗಳವಾರ

ಸೊಸೆಯ ಕೆಲಸ ನೋಡುವುದೇ ಒಂದು ಬೇಸರ. ದಪ್ಪ ಗಾಜಿನ ಹಲಗೆಯ ಮೇಲೆ ಎಣ್ಣೆ, ಎಣ್ಣೆಯಲ್ಲಿ ಬಿಳಿ ಪುಡಿ. ಒಂದು ಲೋಹದ ತುಂಡಿಗೆ ಆ ಗುಲಾಬಿ ಗಾಜನ್ನು ಮೇಣದಿಂದ ನಿಲ್ಲಿಸಿ, ತುದಿ ಕೆಳಗೆ ಮಾಡಿ, ಹಲಗೆಯ ಮೇಲೆ ಸುತ್ತಿಸುತ್ತಾಳೆ. ಸುತ್ತಿಸುತ್ತಲೇ ಇರುತ್ತಾಳೆ. ಶಾವಿಗೆ ಹೊಸೆದರೂ ಇಷ್ಟು ಹೊತ್ತಿಗೆ ಒಂದು ಮದುವೆಗಾಗುವಷ್ಟು ಆಗುತ್ತಿತ್ತು.

"ಮಷಿನಿಗೆ ಹಚ್ಚಿದ್ರ ಒಂದು ಚಾ ಕುಡಿಯೋದ್ರಾಗ ಮುಗೀತದ." ಎಂದೆ.

"ಮಷಿನಿಗೆ ಹಚ್ಚಿದ್ರ ಗಾಜೂ ಮುಗೀತದರಿ."

ಎದುರು ಮಾತು ಆಡುತ್ತಾಳೆ. ಆದರೆ ಮುಖ ಗಂಟಿಕ್ಕಿಕೊಂಡು ಆಡುವುದಿಲ್ಲ. ಈಚೆಗೆ ರೊಟ್ಟಿ ಅಂಚಿನವರೆಗೂ ಒಂದೇ ತೆಳುವಾಗಿ ಬರುತ್ತಿದೆ.

ಭಾಗಣ್ಣನಿಗೆ ಹೇಳಿದ್ದೇನೆ, ಮನೆ ಕಡೆಯ ಕಟಿಂಗ್ ಮಷಿನ್ ಮಧ್ಯಾಹ್ನ ಊಟದ ನಂತರ ಬಂದ್ ಇಡಬೇಕು, ಆ ಕೆಲಸ ಬೆಳಿಗ್ಗೆಯೇ ಮುಗಿಸಬೇಕು ಎಂದು. ಧೂಳಿನಲ್ಲಿ ಗಾಜು ಗೀರುತ್ತದೆ ಎಂದು ಆಕೆ ಹೇಳಿದ್ದಕ್ಕಲ್ಲ. ನನಗೆ ಮಧ್ಯಾಹ್ನ ತಲೆ ನೋಯುತ್ತದೆ.


ಡಿಸೆಂಬರ್ 6, ಶುಕ್ರವಾರ

ಬಾಬಾಸಾಹೇಬರ ಪರಿನಿರ್ವಾಣದ ದಿನ. ಅವರ ಫೋಟೊದ ಮುಂದೆ ಮೇಣದಬತ್ತಿ ಹಚ್ಚಿದೆವು. ಬುದ್ಧ ವಿಹಾರಕ್ಕೆ ನಾನು ಹೋಗಲಾಗದ್ದು ಇದೇ ಮೊದಲ ವರ್ಷ. ಲುಂಬಿನಿ ಬಿಳಿ ಸೀರೆ ಉಟ್ಟು ಹೋದಳು. ಅಲ್ಲಿ ಆಕೆಯನ್ನು ನಿಲ್ಲಿಸಿ ಹೆಣ್ಣುಮಕ್ಕಳ ಓದಿನ ಬಗ್ಗೆ ನಾಲ್ಕು ಮಾತಾಡಿಸಿದರಂತೆ. ಸಂಜೆ ಮೂರು ಜನ ಹೆಂಗಸರು ಬಂದು, ನಿಮ್ಮ ಸೊಸೆ ಭಾಳ ಛಲೋ ಮಾತಾಡಿದ್ಳು ಎಂದರು.

"ನಮ್ಮನೀಗಿ ಬಂದಾಳಂದ್ರ ಸುಮ್ನೇನು." ಎಂದೆ.

ಫ್ಯಾಕ್ಟರಿಯ ಮಾತು ಇವತ್ತು ಎತ್ತಬೇಕೆಂದಿದ್ದೆ. ದಿನ ಸರಿಯಿರಲಿಲ್ಲ.


ಡಿಸೆಂಬರ್ 11, ಬುಧವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಎರಡನೆಯ ತುದಿಯೂ ಮುಗಿಯಿತೆಂದು ಲುಂಬಿನಿ ಗಾಜನ್ನು ಮೇಣದಿಂದ ಬಿಡಿಸಿದಳು. ಬಿಡಿಸುವಾಗ ಅದರ ಅಂಚು ತಾಗಿ ಬೆರಳು ಕೊಯ್ದಿತು. ಸಣ್ಣ ಗಾಯವೇ, ಆದರೆ ರಕ್ತ ಬಹಳ ಹೊತ್ತು ನಿಲ್ಲಲಿಲ್ಲ. ಬಟ್ಟೆ ಸುತ್ತಿಕೊಂಡು ನನ್ನ ಗುಳಿಗೆ, ಕಾಯಿಪಲ್ಲೆ ತರಲು ಬಜಾರಕ್ಕೆ ಹೋದಳು. ನಾಳೆ ಇದನ್ನು ಪ್ಯಾಕ್ ಮಾಡಿ ಇಡುತ್ತೇನೆ ಎಂದು ಹೇಳಿಹೋದಳು.

ಡಬ್ಬಿ ನನ್ನ ಪಕ್ಕದ ಮೇಜಿನ ಮೇಲಿತ್ತು. ತೆಗೆದು ನೋಡಿದೆ. ತುದಿಗಳು ನಿಜಕ್ಕೂ ಕನ್ನಡಿಯಂತೆ ಆಗಿದ್ದವು. ನಮ್ಮಲ್ಲಿ ಯಾವ ಆಳೂ ಅಷ್ಟು ನಯ ತರಲಾರ. ಆದರೆ ಅಂಚು ಬ್ಲೇಡಿನ ಹಾಗೆ ಚೂಪು. ಇದನ್ನು ಹೈದರಾಬಾದಿನಲ್ಲಿ ಇನ್ನೂ ನಾಲ್ಕು ಜನ ಮುಟ್ಟುವವರು. ನಮ್ಮ ಮನೆಯಿಂದ ಹೋಗುವ ವಸ್ತು ಮುಟ್ಟಿದವರ ಕೈ ಕೊಯ್ಯಬಾರದು. ಭಾಗಣ್ಣನನ್ನು ಕರೆದು ಇದ್ದುದರಲ್ಲಿ ಅತಿ ನಯವಾದ ಕೈಕಲ್ಲು ತರಿಸಿ, ನೀರು ಮುಟ್ಟಿಸಿ, ತುದಿಯ ಮೇಲಂಚನ್ನು ಹಗುರವಾಗಿ ತಿಕ್ಕಿದೆ. ಅಂಚು ರೇಷ್ಮೆಯಂತಾಯಿತು. ಬೆರಳಾಡಿಸಿ ನೋಡಿ ಸಂತೋಷಪಟ್ಟೆ. ಕೊನೆಯ ಕೈ ನನ್ನದು ಎಂದುಕೊಂಡೆ.

ಲುಂಬಿನಿ ಬಂದು, ಕೈ ತೊಳೆದು, ಪುಟ್ಟ ಭೂತಗನ್ನಡಿ ಕಣ್ಣಿಗೆ ಹಿಡಿದು ಗಾಜನ್ನು ನೋಡಿದಳು. ಮತ್ತೆ ನೋಡಿದಳು. ಮುಖ ಬೂದಿಯಾಯಿತು.

"ಏನಾತು?" ಎಂದೆ.

"ಅಂಚು ದುಂಡಗಾಗ್ಯದರಿ. ದಾರಿ ಎಲ್ಲಾ ಮ್ಯಾಲಿನ ಅಂಚಿಗಿ ಹತ್ತೇ ಇರ್ತಾವಲ್ಲ, ಎರಡು ಕೂದಲ ಕೆಳಗ. ಅವುಗಳ ಬಾಯೇ ಸವದು ಹೋಗ್ಯಾವ. ಬೆಳಕು ಒಳಗ ಹೋಗಂಗಿಲ್ಲ." ಗಾಜನ್ನು ಹತ್ತಿಯಲ್ಲಿ ಇಟ್ಟು ಆಕೆಯೇ ಅಂದಳು, "ನಾನೇ ಮೇಣ ಸರಿ ಹಚ್ಚಿಲ್ಲ ಕಾಣ್ತದ. ಗಾಜು ಅಳ್ಳಾಡಿರಬೇಕು. ಬೆಳಿಗ್ಗಿ ನೋಡಬೇಕಿತ್ತು, ನೋಡ್ಲಿಲ್ಲ."

ಕೈಕಲ್ಲು ನನ್ನ ಸೆರಗಿನ ಕೆಳಗಿತ್ತು.


ಡಿಸೆಂಬರ್ 12, ಗುರುವಾರ

ಲುಂಬಿನಿ ಬೆಳಿಗ್ಗೆ ತಲೆನೋವೆಂದು ಒಳಗೆ ಮಲಗಿದ್ದಳು. ಇಮಾಮ್‌ಬೀಗೆ ಎಲ್ಲ ಹೇಳಿದೆ. ಯಾರಿಗಾದರೂ ಹೇಳಬೇಕಿತ್ತು.

ಆಕೆ ದನಿ ಇಳಿಸಿ ಹೇಳಿದಳು: "ಸುಮ್ಕಿರು ಸಾಬವ್ವಕ್ಕ. ಆಕಿ ತನ್ನದೇ ತಪ್ಪಂತ ತಿಳದಾಳ. ಓದು ಇನ್ನೊಂದು ವರ್ಷ ಹೋತು ಅಂದ್ರ ಬೇಸತ್ತು ಇಲ್ಲೇ ಉಳೀತಾಳ. ಫ್ಯಾಕ್ಟರಿ ನೋಡ್ಕೋತಾಳ. ನಿನಗ ಬೇಕಾಗಿದ್ದೂ ಅದೇ ಅಲ್ಲೇನು?"

ಅದೇ ಬೇಕಾಗಿತ್ತು. ಆದರೆ ಆಕೆ ಬಾಯಲ್ಲಿ ಅದನ್ನು ಕೇಳಿದಾಗ ಮೈಮೇಲೆ ಕೆಸರು ಬಿದ್ದಂತಾಯಿತು. ನಾಳೆ ಓಣಿಯವರು ಅತ್ತೆ ಬೇಕಂತಲೇ ಕೆಡಿಸಿದಳು ಎನ್ನುತ್ತಾರೆ. ಓಣಿಯವರು ಹಾಳಾಗಲಿ. ನನ್ನ ಫ್ಯಾಕ್ಟರಿಯಲ್ಲಿ ಆಳು ಕಲ್ಲು ಒಡೆದು ಸುಮ್ಮನೆ ನಿಂತರೆ ಅವನನ್ನು ನಾನು ಇಟ್ಟುಕೊಂಡಿಲ್ಲ. ಒಡೆದೆ ಎಂದು ಹೇಳಿದವನನ್ನು ಯಾವತ್ತೂ ಕಳಿಸಿಲ್ಲ.

ಲುಂಬಿನಿಯನ್ನು ಕರೆದೆ. ಇಮಾಮ್‌ಬೀ ಏಳಲು ಹೋದಳು. "ಕುಂದ್ರು, ನೀನೂ ಕೇಳು." ಎಂದೆ.

"ನಿನ್ನ ಮೇಣ ಸರಿ ಇತ್ತು. ಅಂಚು ದುಂಡಗ ಮಾಡಿದಾಕಿ ನಾನು. ನಿನ್ನ ಬಟ್ಟು ಕೊಯ್ದಿತ್ತು ಅಂತ ಚೂಪು ಮುರದೀನಿ. ಇದೇ ಕಲ್ಲಿಲೆ."

ಆಕೆ ಕಲ್ಲನ್ನು ಕೈಗೆ ತೆಗೆದುಕೊಂಡಳು. ಬೆರಳಿನಿಂದ ಉಜ್ಜಿ ನೋಡಿದಳು.

"ಎರಡೂ ತುದಿಗೇನ್ರಿ?"

"ಒಂದೇ. ಇನ್ನೊಂದು ತಿಕ್ಕಾಕ ಹೋಗೋದ್ರಾಗ ನೀ ಬಂದಿ."

"ನೀರಿಲೇ ತಿಕ್ಕಿದ್ರಿ?"

"ನೀರಿಲೇ."

ಕಲ್ಲನ್ನು ಮೇಜಿನ ಮೇಲಿಟ್ಟು ಹೊರಗೆ ಹೋಗಿ ಅಂಗಳದಲ್ಲಿ ಪೇರಿಸಿಟ್ಟ ಫರ್ಸಿಗಳ ಮೇಲೆ ಕೂತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಇಮಾಮ್‌ಬೀಯೂ ನಾನೂ ಕಿಟಕಿಯಿಂದ ಆಕೆಯನ್ನು ನೋಡುತ್ತಾ ಕೂತಿದ್ದೆವು. ಇಮಾಮ್‌ಬೀ ಮಾತಾಡದೆ ಅಷ್ಟು ಹೊತ್ತು ಕೂತಿದ್ದು ನಾನು ಇದೇ ಮೊದಲು ನೋಡಿದ್ದು.

ಸಂಜೆ ಒಳಗೆ ಬಂದು ಹೇಳಿದಳು. ದುಂಡಗಾದಷ್ಟು ಭಾಗವನ್ನು ಪೂರ್ತಿ ಸವೆಸಿ ತೆಗೆದರೆ ಹಿಂದಿನ ಗಟ್ಟಿ ಅಂಚು ಸಿಗುತ್ತದೆ. ಗಾಜು ಒಂದಿಷ್ಟು ಗಿಡ್ಡವಾಗುತ್ತದೆ. ನಡುವಿನ ಆರು ದಾರಿ ತುದಿಯ ಹತ್ತಿರ ನೇರ ಇವೆ, ಅವು ಉಳಿಯಬಹುದು. ಎರಡೂ ಪಕ್ಕದ ಒಂದೊಂದು ದಾರಿ ತುದಿಯ ಬಳಿಯೇ ತಿರುಗುತ್ತವೆ. ಅವುಗಳದ್ದು ಹೇಳಲಾಗದು. ಮೊದಲಿನಿಂದ ಎಲ್ಲ ಕೆಲಸ ಮತ್ತೆ ಮಾಡಬೇಕು.

"ಒಬ್ಬಾಕಿಗೆ ಆಗಂಗಿಲ್ಲರಿ ಅತ್ತಿ. ನಾ ತಿಕ್ಕುವಾಗ ಯಾರರೆ ಹನಿ ಹನಿ ಎಣ್ಣಿ ಹಾಕಬೇಕು. ಒಂದು ಹನಿ ಹೆಚ್ಚಾಗಬಾರ್ದು, ಕಡಿಮಿ ಆಗಬಾರ್ದು."

"ನನ್ನ ಕೈ ಎರಡೂ ಗಟ್ಟಿ ಅವ." ಎಂದೆ.


ಡಿಸೆಂಬರ್ 16, ಸೋಮವಾರ

ಪಾಲಿಶ್ ಮಷಿನಿನ ಪಕ್ಕ ನಿಂತು ನೀರು ಹಾಕುವುದು ನಮ್ಮಲ್ಲಿ ಎಲ್ಲರಿಗಿಂತ ಹೊಸಬರ ಕೆಲಸ. ನಾನು ಈ ಫ್ಯಾಕ್ಟರಿಯಲ್ಲಿ ಅದನ್ನು ಒಂದು ದಿನವೂ ಮಾಡಿದವಳಲ್ಲ, ಜಗದೇವಪ್ಪನವರು ಮಾಡಗೊಡಲಿಲ್ಲ. ಈಗ ಕುರ್ಚಿಯಲ್ಲಿ ಕೂತು, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಔಷಧಿಯ ಪಿಚಕಾರಿಯಿಂದ ಎಣ್ಣೆ ಹನಿಸುತ್ತಿದ್ದೇನೆ.

"ಈಗರಿ." ಎನ್ನುತ್ತಾಳೆ. ಒಂದು ಹನಿ. "ಈಗ." ಇನ್ನೊಂದು. ಒಮ್ಮೆ ಆಕೆ ಹೇಳುವ ಮೊದಲೇ ಹಾಕಿದೆ.

"ನಾ ಹೇಳಿಲ್ಲರಿ."

"ಹೇಳೋಳಿದ್ದಿ."

"ಇಲ್ಲರಿ."

ಪಿಚಕಾರಿಯನ್ನು ಮೇಲೆತ್ತಿ ಹಿಡಿದು ಕಾದೆ.

ಸಾಯಂಕಾಲ ಭಾಗಣ್ಣ ಬಿಲ್ಲು ತೋರಿಸಲು ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

"ಅವ್ವೋರೆ! ನೀವು ನೀರು ಹಾಕೂ ಕೆಲಸಕ್ಕ ಹತ್ತೀರೇನ್ರಿ?"

"ಎಣ್ಣಿ. ನೀರಲ್ಲ." ಎಂದೆ.

"ಹೊಸಾ ಆಳು ಅದಾರ ಭಾಗಣ್ಣ," ಎಂದಳು ಲುಂಬಿನಿ ಗಾಜಿನಿಂದ ತಲೆ ಎತ್ತದೆ, "ಕಲೀಲಿಕತ್ತಾರ. ಕೈ ಛಲೋ ಅದ, ಬಾಯಿ ಜರಾ ಜಾಸ್ತಿ."

ಭಾಗಣ್ಣ ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದ. ನಾನು ಪಿಚಕಾರಿ ನೋಡುತ್ತಿದ್ದೆ.

ಗಾಜು ಸವೆಯುವ ಸದ್ದು ಮೊದಲು ಮರಳಿನಂತೆ ಇರುತ್ತದೆ. ಪುಡಿ ಬದಲಿಸಿದಂತೆಲ್ಲ ಸಣ್ಣಗಾಗುತ್ತದೆ. ಕೊನೆಗೆ ಕೂಸು ನಿದ್ದೆಯಲ್ಲಿ ಉಸಿರಾಡಿದಷ್ಟೇ. ಕೂತು ಕೇಳಿದರೆ ಬೇಸರವಾಗುವುದಿಲ್ಲ. ಇವತ್ತು ಎಲ್ಲ ಮಷಿನ್‌ಗಳನ್ನೂ ನಾಲ್ಕು ಗಂಟೆಗೇ ಬಂದ್ ಮಾಡಿಸಿದೆ.


ಡಿಸೆಂಬರ್ 17, ಮಂಗಳವಾರ

ಎಣ್ಣೆ. ಊಟ. ಎಣ್ಣೆ. ಒಳ್ಳೆಯ ದಿನ.


ಡಿಸೆಂಬರ್ 21, ಶನಿವಾರ

ನಿನ್ನೆ ಪಾಲಿಶ್ ಮುಗಿಯಿತು. ಲುಂಬಿನಿ ಭೂತಗನ್ನಡಿಯಲ್ಲಿ ನೋಡಿ ನನ್ನ ಕೈಗೂ ಕೊಟ್ಟಳು. ಅಂಚು ಕೊಯ್ಯುವಷ್ಟು ಚೂಪಾಗಿತ್ತು. ಅಷ್ಟು ಚೂಪು ಅಂಚು ನೋಡಿ ನಾನು ಖುಷಿಪಟ್ಟೆನೆಂದರೆ ನಮ್ಮವರು ನಂಬುತ್ತಿರಲಿಲ್ಲ.

ಆದರೆ ಬೆಳಕು ಹೋಗುತ್ತದೆಯೇ? ಸರಿಯಾದ ಪರೀಕ್ಷೆ ಹೈದರಾಬಾದಿನಲ್ಲಿ. ಅಲ್ಲಿಯವರೆಗೆ ಕಾಯಲು ನನ್ನಿಂದ ಆಗದು ಎಂದೆ. ನಮ್ಮ ಓಣಿಗೆ ಇಂಟರ್ನೆಟ್ ಕೇಬಲ್ ಎಳೆದ ಉದಯಕುಮಾರ ಇದ್ದಾನಲ್ಲ, ಅವನ ಬಳಿ ಒಂದು ಪೆನ್ನಿನಂಥ ಸಾಧನವಿದೆ. ಕೇಬಲಿನೊಳಗೆ ಕೆಂಪು ಬೆಳಕು ಬಿಟ್ಟು ಎಲ್ಲಿ ತುಂಡಾಗಿದೆ ಎಂದು ನೋಡುತ್ತಾನೆ. ಅದಾದರೆ ಆದೀತು ಎಂದಳು ಲುಂಬಿನಿ. ಕರೆಸಿದೆ.

ಮಧ್ಯಾಹ್ನ ಅಡುಗೆಮನೆಯ ಕಿಟಕಿಗೆ ಕಂಬಳಿ ಕಟ್ಟಿದೆವು. ಗಾಜನ್ನು ಹಲಗೆಗೆ ಮೇಣದಿಂದ ಕೂರಿಸಿ, ಪೆನ್ನಿಗೆ ಜೋಡಿಸಿದ ಕೂದಲಿನಂಥ ಎಳೆಯನ್ನು ಲುಂಬಿನಿ ತುದಿಗೆ ಹಿಡಿದಳು. ಆಚೆ ತುದಿಯ ಮುಂದೆ ಬಿಳಿ ಕಾಗದ. ಅದನ್ನು ಹಿಡಿದವಳು ನಾನು. ಮೊದಲು ಗಾಜೆಲ್ಲ ಕೆಂಪಾಗಿ ಹೊಳೆಯಿತು, ಕಾಗದದ ಮೇಲೆ ಏನೂ ಇಲ್ಲ.

"ಮೇಡಂ, ಲೈಟ್ ಲೀಕ್ ಆಗ್ಲಿಕತ್ತದ್ರಿ." ಎಂದ ಉದಯಕುಮಾರ.

"ನಿಂದ್ರಪಾ, ಬಾಯಿ ಸಿಕ್ಕಿಲ್ಲ ಇನ್ನಾ."

ಕೂದಲಿನಷ್ಟು ಎಡಕ್ಕೆ, ಕೂದಲಿನಷ್ಟು ಬಲಕ್ಕೆ ಸರಿಸುತ್ತಿದ್ದಳು. ಹಣೆಯಲ್ಲಿ ಬೆವರು. ಇಮಾಮ್‌ಬೀ ಏನೋ ದುವಾ ಹೇಳುತ್ತಿದ್ದಳು. ಒಮ್ಮೆಲೇ ಗಾಜಿನ ಕೆಂಪೆಲ್ಲ ಆರಿದಂತಾಗಿ, ಅದರೊಳಗೆ ತೆಳ್ಳನೆಯ ಒಂದು ಕೆಂಪು ದಾರ ಎಳೆದಂತಾಯಿತು. ನನ್ನ ಕಾಗದದ ಮೇಲೆ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ ಕೂತಿತು. ದುಂಡಗೆ, ಕದಲದೆ.

"ಯಾ ಅಲ್ಲಾ, ಮೂಗುತಿ ಹರಳು!" ಎಂದಳು ಇಮಾಮ್‌ಬೀ.

ಕಾಗದವನ್ನು ನಾನು ಇಳಿಸಲಿಲ್ಲ. ಚುಕ್ಕೆ ದುಂಡಗಿದೆಯೋ ಇಲ್ಲವೋ ಸರಿಯಾಗಿ ನೋಡಬೇಕಿತ್ತು.

"ಉಳದ್ವರಿ ಅತ್ತಿ. ಒಂದಂತೂ ಉಳೀತು." ಎಂದಳು ಲುಂಬಿನಿ. ಆಮೇಲೆ ಅಲ್ಲಿಯೇ ನೆಲದ ಮೇಲೆ ಕೂತು, ನನ್ನ ಪ್ಲಾಸ್ಟರಿನ ಕಾಲಿಗೆ ತಲೆ ಆನಿಸಿ ಅತ್ತಳು. ಅಳಲಿ ಎಂದು ಬಿಟ್ಟೆ. ಉದಯಕುಮಾರನಿಗೆ ಚಾ ಕೊಡಿಸಿ, ಈ ವಿಷಯ ಓಣಿಯಲ್ಲಿ ಹೇಳಬೇಡ ಎಂದೆ. ಅಷ್ಟರಲ್ಲಿ ಇಮಾಮ್‌ಬೀ ಹೊರಗೆ ಹೋಗಿ ಆಗಿತ್ತು.


ಡಿಸೆಂಬರ್ 30, ಸೋಮವಾರ

ಎಳ್ಳಮಾಸಿ, ಹೊಲದಲ್ಲಿ ಉಣ್ಣುವ ಎಳ್ಳು ಅಮಾವಾಸ್ಯೆ. ತೆಂಗಳಿಯಲ್ಲಿರುವ ನಮ್ಮ ಹೊಲಕ್ಕೆ ಜೀಪಿನಲ್ಲಿ ಹೋದೆವು. ನನ್ನನ್ನು ಕುರ್ಚಿ ಸಮೇತ ಎತ್ತಿ ತೊಗರಿ ಸಾಲಿನ ಪಕ್ಕದಲ್ಲಿ ಇಟ್ಟರು. ಬಿಳಿಜೋಳ ತೆನೆಗೆ ಬಂದಿದೆ. ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಎಲ್ಲವನ್ನೂ ಲುಂಬಿನಿಯೂ ರತ್ನದೀಪನೂ ಸೇರಿ ಮಾಡಿದ್ದು. ಭಜ್ಜಿಗೆ ಖಾರ ಕಡಿಮೆ ಎಂದೆ. ಎರಡು ಸಲ ಬಡಿಸಿಕೊಂಡೆ.

ಚಿಂಚೋಳಿಯಿಂದ ಬೀಗರೂ ಬಂದಿದ್ದರು. ಲುಂಬಿನಿಯ ತಾಯಿ ಸಂಕೋಚದಿಂದ ಕೇಳಿದರು, "ಇನ್ನ ಓದು ಮುಗೀತಲ್ಲರಿ ಬೀಗತಿ, ಮುಂದ ನಮ್ಮ ಹುಡುಗಿ ಏನ್ ಮಾಡಬೇಕಂತೀರಿ?"

"ಅದನ್ನ ನನ್ನ ಯಾಕ ಕೇಳ್ತೀರಿ? ಓದಿದಾಕಿ ಆಕಿ." ಎಂದೆ.

ರತ್ನದೀಪ ಕಡುಬು ಬಾಯಿಗೆ ಇಡುತ್ತಿದ್ದವನು ಹಾಗೇ ನನ್ನನ್ನು ನೋಡಿದ. ಏನು ನೋಡಿದನೋ.


ಜನವರಿ 3, 2025, ಶುಕ್ರವಾರ

(ಹಳೇ ಡೈರಿಯಲ್ಲಿಯೇ, ಕೊನೆಯ ಖಾಲಿ ಪುಟಗಳಲ್ಲಿ.)

ನಿನ್ನೆ ಪ್ಲಾಸ್ಟರ್ ಬಿಚ್ಚಿದರು. ಕಾಲು ಕೋಳಿಯ ಕಾಲಿನಂತಾಗಿದೆ. ಕೋಲು ಹಿಡಿದು ನಡೆಯಬಹುದು.

ಇವತ್ತು ಲುಂಬಿನಿಯನ್ನು ಕಳಿಸಲು ವಾಡಿ ಸ್ಟೇಷನ್ನಿನವರೆಗೆ ನಾನೂ ಹೋದೆ. ಬೇಡವೆಂದರು, ಕೇಳಲಿಲ್ಲ. ಡಬ್ಬಿಯನ್ನು ಗಾಡಿ ಬರುವವರೆಗೆ ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

"ಅತ್ತಿ, ನೀವು ನನಗೇನೋ ಕೇಳಬೇಕಂತಿದ್ರಂತ. ಇಮಾಮ್‌ಬೀ ಚಾಚಿ ಹೇಳಿದ್ರು."

"ಇ‌ಮಾಮ್‌ಬೀಗೆ ಹಲ್ಲು ಉದುರ್ಯಾವ, ನಾಲಿಗಿ ಉದುರಿಲ್ಲ. ಗಾಡಿ ಬಂತು, ನಡಿ."

"ಇಲ್ಲರಿ, ಹೇಳ್ರಿ."

"ಕೇಳೋದೇನಿಲ್ಲ. ಕಿಟಕಿ ಬದಿಗೆ ಕುಂದ್ರಬ್ಯಾಡ, ಡಬ್ಬಿಗೆ ಬಿಸಿಲು ಬಡೀತದ."

ಬಿಸಿಲಿನಿಂದ ಗಾಜಿಗೆ ಏನೂ ಆಗುವುದಿಲ್ಲ ಎಂದು ಆಕೆ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಆದರೂ ಒಳಗಿನ ಸೀಟಿಗೆ ಹೋಗಿ ಕೂತಳು.

ಮನೆಯಲ್ಲಿ ಮಧ್ಯಾಹ್ನ ಮಷಿನ್‌ಗಳನ್ನು ಬಂದ್ ಇಡುವುದೋ ಬೇಡವೋ ಎಂದು ಭಾಗಣ್ಣ ಕೇಳಿದ. ನಡೆಸು ಎಂದೆ. ಸದ್ದು ಬಹಳ ಜೋರೆನಿಸಿತು.


ಜನವರಿ 10, ಶುಕ್ರವಾರ

ಇವತ್ತು ಪರೀಕ್ಷೆ ಎಂದು ಗೊತ್ತಿತ್ತು. ಬೆಳಿಗ್ಗೆಯಿಂದ ಫೋನು ಪಕ್ಕದಲ್ಲೇ ಇಟ್ಟುಕೊಂಡೆ. ಇಮಾಮ್‌ಬೀ ಎರಡು ಸಲ ಬಂದು ಹೋದಳು. ಸಂಜೆ ಐದರ ಸುಮಾರಿಗೆ ಲುಂಬಿನಿಯೇ ಮಾಡಿದಳು. ದನಿ ಕೇಳಿದ ಕೂಡಲೇ ತಿಳಿಯಿತು.

"ಅತ್ತಿ! ಬೆಳಕು ಬೆಳೀತ್ರಿ! ಹಾಕಿದ್ದಕ್ಕಿಂತ ಹೆಚ್ಚು ಹೊರಗ ಬಂತು. ನಮ್ಮ ಸರ್ ಮೂರು ಸಲ ಅಳದು ನೋಡಿದ್ರು."

"ಎಂಟೂ?"

"ಆರ್ರಿ. ಆರು ಸಾಕು, ಥೀಸಿಸಿಗೆ ಆರು ಭಾಳ ಆತು."

"ಇನ್ನೆರಡು ನಾ ಕೆಡಿಸಿದ್ದು."

"ಅವು ಮೊದಲೇ ಜರಾ ಕಚ್ಚಾ ಇದ್ವರಿ..."

"ಸುಳ್ಳು ಹೇಳಬ್ಯಾಡ. ನಿನಗ ಬರಂಗಿಲ್ಲ."

"ಹೂಂರಿ." ಎಂದಳು.

"ಪುಸ್ತಕದಾಗ ಆ ಎರಡರದ್ದು ಏನಂತ ಬರೀತಿ?" ಎಂದು ಕೇಳಿದೆ.

"ಪಾಲಿಶ್ ಮಾಡುವಾಗ ಅಂಚು ದುಂಡಗಾತು, ಮತ್ತ ಸವಸಬೇಕಾತು, ಅದಕ್ಕ ಎರಡು ಹೋದ್ವು ಅಂತ ಬರೀತೀನ್ರಿ."

"ಯಾರು ದುಂಡಗ ಮಾಡಿದ್ರು ಅಂತ?"

"ಹಂಗ ಯಾರೂ ಕೇಳಂಗಿಲ್ಲರಿ."

"ಕೇಳದಿದ್ರೂ ಬರಿ. ಓದಿದವ್ರು ನಿನ್ನ ಕೈ ಕೆಟ್ಟದಂತ ತಿಳೀಬಾರ್ದು. ಸಾಬಮ್ಮ ಜಗದೇವಪ್ಪ, ಫರ್ಸಿ ಪಾಲಿಶ್, ಶಹಾಬಾದ. ಪೂರಾ ಹಾಕು."

ನಕ್ಕಳು. "ಅತ್ತಿ, ತಪ್ಪು ಮಾಡಿದವ್ರ ಹೆಸರು ಥೀಸಿಸಿನಾಗ ಹಾಕೋ ಪದ್ಧತಿ ಇಲ್ಲರಿ. ಉಪಕಾರ ಮಾಡಿದವ್ರದ್ದು ಹಾಕ್ತಾರ, ಮೊದಲನೇ ಪುಟದಾಗ. ಅಲ್ಲಿ ನಿಮ್ಮ ಹೆಸರು ಆಗಲೇ ಬರದೀನಿ."

"ನಾ ಏನ್ ಉಪಕಾರ ಮಾಡೀನಿ?"

"ಎಣ್ಣಿ ಹಾಕೀರಲ್ಲ."

ಸರಿ, ಹಾಗಾದರೆ ಎರಡು ಕಡೆಯೂ ಹಾಕು ಎಂದೆ. ಒಂದೇ ಕಡೆ ಹಾಕಿದರೆ ಸುಳ್ಳಾಗುತ್ತದೆ.